ತಡೆದು ತಡೆದು ದಣಿಯುವ ಮನಸ್ಸು

‘ಕೆಂಪು’ ಎಂಬ ಪದವನ್ನು ನೀಲಿ ಶಾಯಿಯಲ್ಲಿ ಅಚ್ಚು ಹಾಕಿದ್ದಾರೆ ಎಂದುಕೊಳ್ಳಿ. ಪದವನ್ನು ಓದುವಂತಿಲ್ಲ, ಶಾಯಿಯ ಬಣ್ಣವನ್ನಷ್ಟೇ ಹೇಳಬೇಕು. ಬಾಯಿಗೆ ಮೊದಲು ಬರುವುದು ‘ಕೆಂಪು’. ಅದನ್ನು ನಾಲಿಗೆಯ ತುದಿಯಲ್ಲೇ ತಡೆದು ‘ನೀಲಿ’ ಎನ್ನುವಷ್ಟರಲ್ಲಿ ಒಂದು ಸಣ್ಣ ತಡವರಿಕೆ ಆಗಿಯೇ ಆಗುತ್ತದೆ. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಈ ತಡವರಿಕೆಯನ್ನು ಅಳೆದರು. ಬರೀ ಬಣ್ಣದ 100 ಚೌಕಗಳನ್ನು ನೋಡಿ ಬಣ್ಣ ಹೇಳಲು ಸರಾಸರಿ 63 ಸೆಕೆಂಡು ಸಾಕಾಯಿತು. ಪದಕ್ಕೂ ಶಾಯಿಗೂ ಜಗಳ ಹಚ್ಚಿಟ್ಟ 100 ಪದಗಳಿಗೆ 110 ಸೆಕೆಂಡು ಬೇಕಾಯಿತು.

ಆ ಹೆಚ್ಚುವರಿ 47 ಸೆಕೆಂಡುಗಳಲ್ಲಿ ಮನಸ್ಸು ಮಾಡುವ ಕೆಲಸವೇ ಸ್ವನಿಯಂತ್ರಣ. ತಾನಾಗಿ ನುಗ್ಗಿ ಬರುವ ಪ್ರತಿಕ್ರಿಯೆಯನ್ನು ತಡೆದು, ನಾವು ಬೇಕೆಂದುಕೊಂಡದ್ದನ್ನು ಆ ಜಾಗಕ್ಕೆ ತರುವುದು. ಬೈಯಲು ಬಾಯಿಗೆ ಬಂದ ಮಾತನ್ನು ನುಂಗುವುದು, ಮೊಬೈಲ್ ಮಿನುಗಿದರೂ ಪುಟದಿಂದ ಕಣ್ಣು ಕೀಳದಿರುವುದು, ಇನ್ನೊಂದು ತುತ್ತಿಗೆ ಚಾಚಿದ ಕೈಯನ್ನು ಹಿಂದೆಳೆದುಕೊಳ್ಳುವುದು, ಇವೆಲ್ಲ ಹೊರಗಿನಿಂದ ಬೇರೆಬೇರೆಯಾಗಿ ಕಂಡರೂ ಒಳಗಿನ ಕಟ್ಟು ಒಂದೇ. ಮೆದುಳಿನ ಎರಡು ಹೋಳುಗಳು ಕೂಡುವ ಕಡೆ ಮುಂಭಾಗದಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್, ಎರಡು ಪ್ರತಿಕ್ರಿಯೆಗಳು ಡಿಕ್ಕಿ ಹೊಡೆಯುತ್ತಿವೆ ಎಂಬುದನ್ನು ಗುರುತಿಸುತ್ತದೆ. ಹಣೆಯ ಹಿಂದೆ ಎರಡೂ ಪಕ್ಕಗಳಲ್ಲಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಗುರಿಯನ್ನು ನೆನಪಿನಲ್ಲಿ ಎತ್ತಿಹಿಡಿದು ತಕ್ಕಡಿಯನ್ನು ಅದರ ಕಡೆಗೆ ವಾಲಿಸುತ್ತದೆ.

ಈ ಕೆಲಸ ದಣಿಸುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ದಣಿದಾಗ ಒಳಗೆ ಖಾಲಿಯಾಗುವುದು ಏನು, ಅಥವಾ ಏನಾದರೂ ಖಾಲಿಯಾಗುತ್ತದೆಯೇ ಎಂಬುದರ ಬಗ್ಗೆ ಮಾತ್ರ 25 ವರ್ಷಗಳಿಂದ ಮನೋವಿಜ್ಞಾನಿಗಳು ಜಟಾಪಟಿ ನಡೆಸಿದ್ದಾರೆ. ಈ ಜಟಾಪಟಿಯನ್ನು ತಿಳಿದುಕೊಳ್ಳುವುದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಉತ್ತರ ಬದಲಾದಂತೆ, ದಣಿದ ಮನಸ್ಸಿಗೆ ಏನು ಮಾಡಬೇಕೆಂಬ ಸಲಹೆಯೂ ಬದಲಾಗಿದೆ. ಹಳೆಯ ಸಲಹೆಯನ್ನೇ ನಂಬಿ ತಮ್ಮನ್ನು ತಾವು ಹಳಿದುಕೊಳ್ಳುವವರು ಈಗಲೂ ಬಹಳ ಮಂದಿ ಇದ್ದಾರೆ.

ಮೂಲಂಗಿ ತಿಂದವರು ಬೇಗ ಕೈಬಿಟ್ಟರು

ಚರ್ಚೆ ಶುರುವಾದದ್ದು 1998ರಲ್ಲಿ, ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಿಂದ. 67 ವಿದ್ಯಾರ್ಥಿಗಳಿಗೆ ಒಂದು ಹೊತ್ತಿನ ಊಟ ಬಿಟ್ಟು, ಕನಿಷ್ಠ 3 ಗಂಟೆ ಏನೂ ತಿನ್ನದೆ ಬರಲು ಹೇಳಿದ್ದರು. ಕೋಣೆಯೊಳಗೆ ಆಗತಾನೆ ಬೇಯಿಸಿದ ಚಾಕೊಲೇಟ್ ಕುಕಿಗಳ ಘಮ. ಮೇಜಿನ ಮೇಲೆ ಎರಡು ಬಟ್ಟಲು: ಒಂದರಲ್ಲಿ ಕುಕಿ ಮತ್ತು ಚಾಕೊಲೇಟ್, ಇನ್ನೊಂದರಲ್ಲಿ ಮೂಲಂಗಿ. ಒಂದು ಗುಂಪಿಗೆ ಸಿಹಿ ತಿನ್ನಲು ಹೇಳಿದರು. ಇನ್ನೊಂದು ಗುಂಪಿಗೆ ಎರಡು ಮೂರು ಮೂಲಂಗಿ ಮಾತ್ರ ತಿನ್ನಬೇಕು, ಸಿಹಿಯನ್ನು ಮುಟ್ಟುವಂತಿಲ್ಲ ಎಂದರು. ಐದು ನಿಮಿಷ ಒಬ್ಬರನ್ನೇ ಬಿಟ್ಟು, ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನಿಂತು ಗಮನಿಸಿದರು. ಮೂಲಂಗಿ ಗುಂಪಿನ ಕೆಲವರು ಕುಕಿಯನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು, ಆದರೆ ಒಬ್ಬರೂ ತಿನ್ನಲಿಲ್ಲ.

ಅಸಲಿ ಪರೀಕ್ಷೆ ಇದ್ದದ್ದು ಇದಾದ ಮೇಲೆ. ಪೆನ್ಸಿಲ್ ಎತ್ತದೆ, ಗೀಚಿದ ಗೆರೆಯ ಮೇಲೆ ಮತ್ತೆ ಗೀಚದೆ ಆಕೃತಿಯನ್ನು ಬರೆಯುವ ಒಗಟುಗಳನ್ನು ಕೊಟ್ಟರು. ಅವುಗಳಿಗೆ ಉತ್ತರವೇ ಇರಲಿಲ್ಲ. ಎಷ್ಟು ಹೊತ್ತು ಪಟ್ಟು ಹಿಡಿದು ಕೂರುತ್ತಾರೆ ಎಂಬುದಷ್ಟೇ ಲೆಕ್ಕ. ಸಿಹಿ ತಿಂದವರು ಸರಾಸರಿ 19 ನಿಮಿಷ ಹೆಣಗಿದರು. ತಿನಿಸಿನ ಗೊಡವೆಯೇ ಇಲ್ಲದ ಮೂರನೇ ಗುಂಪು 21 ನಿಮಿಷ ಕೂತಿತು. ಮೂಲಂಗಿ ತಿಂದವರು ಎಂಟೂವರೆ ನಿಮಿಷದ ಒಳಗೇ ಕೈಚೆಲ್ಲಿದರು.

ತಿನಿಸಿಗೂ ಒಗಟಿಗೂ ಏನೂ ನಂಟಿಲ್ಲ. ಆದರೂ ಒಂದರಲ್ಲಿ ತಡೆದುಕೊಂಡದ್ದು ಇನ್ನೊಂದರಲ್ಲಿ ಕೊರತೆಯಾಗಿ ಕಂಡಿತು. ಹಾಗಾದರೆ ಎಲ್ಲ ಬಗೆಯ ಸಂಯಮಕ್ಕೂ ಒಂದೇ ಖಜಾನೆ ಇರಬೇಕು, ಎಲ್ಲಿ ಖರ್ಚು ಮಾಡಿದರೂ ಮೊತ್ತ ಇಳಿಯುತ್ತದೆ ಎಂದು ಸಂಶೋಧಕರು ತರ್ಕಿಸಿದರು. ಇದಕ್ಕೆ ಅವರಿಟ್ಟ ಹೆಸರು ಇಗೋ ಡಿಪ್ಲೀಷನ್. ಇಲ್ಲಿ ಅದನ್ನು ಸಂಯಮದ ಸವಕಳಿ ಎಂದು ಕರೆಯೋಣ. ದುಡಿದ ಸ್ನಾಯು ಹೇಗೆ ಸೋಲುತ್ತದೋ ಮನೋಬಲವೂ ಹಾಗೇ ಸೋಲುತ್ತದೆ ಎಂಬ ಹೋಲಿಕೆ ಜನಪ್ರಿಯವಾಯಿತು. ಒಂದು ಕೆಲಸದಲ್ಲಿ ತಡೆಸಿ, ಸಂಬಂಧವಿಲ್ಲದ ಇನ್ನೊಂದರಲ್ಲಿ ಅಳೆಯುವ ಈ ಎರಡು ಹಂತದ ಮಾದರಿಯಲ್ಲಿ ನೂರಾರು ಪ್ರಯೋಗಗಳು ನಡೆದವು.

ಸಕ್ಕರೆಯ ಲೆಕ್ಕ ಏಕೆ ಕೂಡಿಬರಲಿಲ್ಲ

ಖಜಾನೆ ಎಂದ ಮೇಲೆ ಅದರಲ್ಲಿರುವುದು ಏನು ಎಂದು ಹೇಳಬೇಕಲ್ಲ. 2007ರಲ್ಲಿ ಬಂದ ಉತ್ತರ ಗ್ಲುಕೋಸ್. ಸಂಯಮದ ಕೆಲಸ ಮಾಡಿದವರಿಗೆ ಸಕ್ಕರೆ ಹಾಕಿದ ನಿಂಬೆ ಪಾನಕ ಕೊಟ್ಟರೆ ಮುಂದಿನ ಕೆಲಸ ಸುಧಾರಿಸುತ್ತದೆ, ಕೃತಕ ಸಿಹಿ ಹಾಕಿದ ಪಾನಕ ಕೊಟ್ಟರೆ ಸುಧಾರಿಸುವುದಿಲ್ಲ ಎಂದು ವರದಿಯಾಯಿತು. ‘ಮನಸ್ಸು ದಣಿದಾಗ ಸಿಹಿ ತಿನ್ನಿ’ ಎಂಬ ಮಾತು ಹರಡಿದ್ದು ಇಲ್ಲಿಂದ.

ಕೈಯಾರೆ ಒಮ್ಮೆ ಲೆಕ್ಕ ಹಾಕಿ ನೋಡೋಣ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟಾದರೂ, ವಿಶ್ರಾಂತಿಯಲ್ಲಿದ್ದಾಗ ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ಅದು ಬಳಸುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 0.2 ಕಿಲೋಕ್ಯಾಲರಿ, ಐದು ನಿಮಿಷಕ್ಕೆ 1 ಕಿಲೋಕ್ಯಾಲರಿ. ಕಷ್ಟದ ಕೆಲಸಕ್ಕೆ ಇಳಿದಾಗ ಈ ಬಳಕೆ ಹೆಚ್ಚುವುದು ಶೇ 5ಕ್ಕಿಂತ ಕಡಿಮೆ. ಶೇ 5 ಎಂದೇ ಹಿಡಿದರೂ ಐದು ನಿಮಿಷದ ಸಂಯಮಕ್ಕೆ ಬಿದ್ದ ಹೆಚ್ಚುವರಿ ಖರ್ಚು 0.05 ಕಿಲೋಕ್ಯಾಲರಿ. ಒಂದು ಗ್ರಾಂ ಸಕ್ಕರೆಯಲ್ಲಿ 4 ಕಿಲೋಕ್ಯಾಲರಿ ಇರುತ್ತದೆ. ಎಂದರೆ ಒಂದು ಗ್ರಾಂ ಸಕ್ಕರೆಯ ಎಂಬತ್ತನೇ ಒಂದು ಪಾಲು! ಆರೋಗ್ಯವಂತರ ರಕ್ತದಲ್ಲೇ ಎಲ್ಲ ಹೊತ್ತಿನಲ್ಲೂ 4-5 ಗ್ರಾಂ ಗ್ಲುಕೋಸ್ ಇರುತ್ತದೆ, ಅದು ಇಳಿಯುತ್ತಿದ್ದಂತೆ ಯಕೃತ್ತು ತನ್ನ ದಾಸ್ತಾನಿನಿಂದ ತುಂಬಿಸುತ್ತಲೇ ಇರುತ್ತದೆ. ಇಷ್ಟು ಸಣ್ಣ ಖರ್ಚಿಗೆ ಖಜಾನೆ ಬರಿದಾಗುವುದಿಲ್ಲ.

2012ರ ಪ್ರಯೋಗಗಳು ಇನ್ನೊಂದು ಕಡೆಯಿಂದ ಈ ಊಹೆಯನ್ನು ಅಲುಗಾಡಿಸಿದವು. ಸಕ್ಕರೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದವರಲ್ಲೂ ಅದೇ ಸುಧಾರಣೆ ಕಂಡಿತು. ಸಕ್ಕರೆ ರಕ್ತಕ್ಕೆ ಸೇರುವ ಮಾತೇ ಇರಲಿಲ್ಲ. ಬಾಯಿಯಲ್ಲಿ ಸಿಹಿಯನ್ನು ಗುರುತಿಸಿದ ನರಗಳು ‘ಒಳ್ಳೆಯದೇನೋ ಬರುತ್ತಿದೆ’ ಎಂಬ ಸೂಚನೆ ಕಳಿಸಿರಬೇಕು, ಅದರಿಂದಲೇ ಹುರುಪು ಮರಳಿರಬೇಕು ಎಂಬುದು ಇದರ ವಿವರಣೆ. ಇಂಧನಕ್ಕಿಂತ ಹುರುಪಿನ ಪಾಲು ದೊಡ್ಡದು ಎಂಬ ಸುಳಿವು ಸಿಕ್ಕಿದ್ದು ಹೀಗೆ.

ಸಾವಿರಾರು ಜನರ ಮೇಲೆ ಮತ್ತೆ ನಡೆದ ಪರೀಕ್ಷೆ

2010ರಲ್ಲಿ ಅಲ್ಲಿಯವರೆಗಿನ 83 ಅಧ್ಯಯನಗಳ 198 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸವಕಳಿಯ ಪರಿಣಾಮದ ಗಾತ್ರ 0.62 ಎಂದು ಬಂತು. ಈ ಅಂಕಿಯನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು: ದಣಿಸಿದ ಗುಂಪಿನಿಂದ ಒಬ್ಬರನ್ನು, ದಣಿಸದ ಗುಂಪಿನಿಂದ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿ ಜೋಡಿ ಮಾಡಿದರೆ, 100 ಜೋಡಿಗಳಲ್ಲಿ 67ರಲ್ಲಿ ದಣಿದವರೇ ಹಿಂದೆ ಬೀಳುತ್ತಾರೆ. ಪರಿಣಾಮವೇ ಇಲ್ಲದಿದ್ದರೆ 50 ಜೋಡಿಗಳಲ್ಲಿ ಹಾಗಾಗುತ್ತದೆ. 67 ಎಂದರೆ ಸಣ್ಣ ವ್ಯತ್ಯಾಸವೇನಲ್ಲ.

ಆದರೆ ಒಟ್ಟುಗೂಡಿಸಲು ಸಿಗುವುದು ಪ್ರಕಟವಾದ ಅಧ್ಯಯನಗಳು. ಪರಿಣಾಮ ಕಾಣದ ಪ್ರಯೋಗಗಳು ಬಹುಮಟ್ಟಿಗೆ ಸಂಶೋಧಕರ ಕಪಾಟಿನಲ್ಲೇ ಉಳಿದುಬಿಡುತ್ತವೆ. ಹೀಗೆ ಆಯ್ದು ಬಂದ ಬೆಳೆಯನ್ನು ತೂಗಿದರೆ ತೂಕ ಹೆಚ್ಚೇ ಬರುತ್ತದೆ. ಇದನ್ನು ನೇರ ಮಾಡಲು ಒಂದು ದಾರಿಯಿದೆ: ಏನು ಮಾಡುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಎಂಬುದನ್ನು ಮೊದಲೇ ಬರೆದು ನೋಂದಾಯಿಸಿ, ಹಲವು ಪ್ರಯೋಗಾಲಯಗಳು ಒಂದೇ ವಿಧಾನದಲ್ಲಿ ಒಟ್ಟಿಗೆ ನಡೆಸುವುದು. 2016ರಲ್ಲಿ 23 ಪ್ರಯೋಗಾಲಯಗಳು 2,141 ಜನರ ಮೇಲೆ ಹೀಗೆ ಪರೀಕ್ಷಿಸಿದವು. ಪರಿಣಾಮದ ಗಾತ್ರ 0.04ಕ್ಕೆ ಇಳಿಯಿತು. ಜೋಡಿಯ ಲೆಕ್ಕದಲ್ಲಿ 100ಕ್ಕೆ 51. 2021ರಲ್ಲಿ 36 ಪ್ರಯೋಗಾಲಯಗಳು 3,531 ಜನರ ಮೇಲೆ ನಡೆಸಿದಾಗಲೂ ಬಂದದ್ದು 0.06. ಈ ಎರಡನೆಯದರ ವಿಧಾನವನ್ನು ರೂಪಿಸಿದವರಲ್ಲಿ ಸವಕಳಿ ಸಿದ್ಧಾಂತದ ಪರವಾಗಿ ಕೆಲಸ ಮಾಡಿದವರೇ ಇದ್ದರು.

ಅಷ್ಟಕ್ಕೇ ಎಲ್ಲವೂ ಸುಳ್ಳಾಯಿತು ಎನ್ನುವುದು ಆತುರದ ತೀರ್ಮಾನ. 2016ರ ಪರೀಕ್ಷೆಯಲ್ಲಿ ಜನರನ್ನು ದಣಿಸಲು ಬಳಸಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪರದೆಯ ಮೇಲೆ ಒಂದೊಂದಾಗಿ ಇಂಗ್ಲಿಷ್ ಪದಗಳು ಬರುತ್ತವೆ. ‘ಇ’ ಅಕ್ಷರ ಕಂಡರೆ ಗುಂಡಿ ಒತ್ತಬೇಕು. ಆದರೆ ಅದರ ಪಕ್ಕದಲ್ಲೋ, ಒಂದು ಅಕ್ಷರ ಬಿಟ್ಟೋ ಬೇರೆ ಸ್ವರವಿದ್ದರೆ ಒತ್ತಬಾರದು. ಹಳೆಯ ಪ್ರಯೋಗಗಳಲ್ಲಿ ಮೊದಲು ಒಂದು ಪುಟದ ತುಂಬ ಎಲ್ಲ ‘ಇ’ಗಳನ್ನೂ ಹೊಡೆದುಹಾಕಿಸಿ ಕೈಗೆ ಅಭ್ಯಾಸ ಹತ್ತಿಸುತ್ತಿದ್ದರು. ನಿಯಮ ಬದಲಿಸುತ್ತಿದ್ದದ್ದು ಆಮೇಲೆ. ಹೊಸ ಪರೀಕ್ಷೆಯಲ್ಲಿ ಅಭ್ಯಾಸ ಹತ್ತಿಸುವ ಹಂತ ಇರಲಿಲ್ಲ. ಅಭ್ಯಾಸವೇ ಇಲ್ಲದ ಮೇಲೆ ಮುರಿಯುವುದು ಏನನ್ನು? ಅದು ಗಮನ ಬೇಡುವ ಬೇಸರದ ಕೆಲಸವಾಗಿತ್ತೇ ಹೊರತು ತಡೆದುಕೊಳ್ಳುವ ಕೆಲಸ ಆಗಿರಲಿಲ್ಲ ಎಂದು ಬೌಮೈಸ್ಟರ್ ಆಕ್ಷೇಪಿಸಿದರು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೂ 2021ರ ಫಲಿತಾಂಶವನ್ನು ಅದು ವಿವರಿಸುವುದಿಲ್ಲ. ಐದು ಹತ್ತು ನಿಮಿಷ ಮನಸ್ಸನ್ನು ಬಿಗಿಹಿಡಿದರೆ ಮನೋಬಲ ಬರಿದಾಗುತ್ತದೆ ಎಂಬ ಮಾತನ್ನು ಇವತ್ತು ಖಚಿತ ಸಂಗತಿಯೆಂದು ಹೇಳುವಂತಿಲ್ಲ.

ಹಾಗಿದ್ದರೆ ದಣಿವೆಂಬುದು ಏನು?

ಸವಕಳಿಯ ಪ್ರಯೋಗಗಳ ಒಳಗೇ ಒಂದು ಸುಳಿವು ಮೊದಲಿನಿಂದ ಇತ್ತು. ‘ದಣಿದ’ ಜನರಿಗೆ ಎರಡನೇ ಕೆಲಸಕ್ಕೆ ಹಣ ಕೊಡುತ್ತೇವೆ ಎಂದರೆ, ಅಥವಾ ಅದರಿಂದ ಬೇರೆಯವರಿಗೆ ನೆರವಾಗುತ್ತದೆ ಎಂದು ಹೇಳಿದರೆ, ಅವರು ದಣಿಯದವರಷ್ಟೇ ಚೆನ್ನಾಗಿ ಮಾಡುತ್ತಿದ್ದರು. ಇದು 2003ರಲ್ಲೇ ವರದಿಯಾಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಮುಗಿದ ಗಾಡಿ, ಹಣದ ಆಸೆ ತೋರಿಸಿದರೆ ಓಡುವುದಿಲ್ಲ.

ಮೈಕಲ್ ಇನ್ಜ್‌ಲಿಕ್ಟ್ ಮತ್ತು ಬ್ರ್ಯಾಂಡನ್ ಷ್ಮೈಕಲ್ 2012ರಲ್ಲಿ ಮುಂದಿಟ್ಟ ವಿವರಣೆ ಈ ಸುಳಿವಿಗೆ ಹೊಂದುತ್ತದೆ. ತಡೆದುಕೊಂಡು ದುಡಿದ ಮೇಲೆ ಮನಸ್ಸಿನಲ್ಲಿ ಶಕ್ತಿ ಇಳಿಯುವುದಿಲ್ಲ, ಒಲವು ಪಕ್ಕಕ್ಕೆ ಸರಿಯುತ್ತದೆ. ‘ಮಾಡಲೇಬೇಕು’ ಎಂಬುದರಿಂದ ‘ಮಾಡಬೇಕೆನಿಸುತ್ತದೆ’ ಎಂಬುದರ ಕಡೆಗೆ. ಒಲವಿನ ಜೊತೆ ಗಮನವೂ ಸರಿಯುತ್ತದೆ: ತಿನಿಸು, ಮೊಬೈಲ್, ಹರಟೆ ಇವು ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತವೆ. ಮಾಡುತ್ತಿರುವ ತಪ್ಪುಗಳು ಮಾತ್ರ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. 2013ರಲ್ಲಿ ರಾಬರ್ಟ್ ಕರ್ಜ್‌ಬನ್, ಏಂಜೆಲಾ ಡಕ್‌ವರ್ತ್ ಮತ್ತಿತರರು ಇದಕ್ಕೊಂದು ಕಾರಣವನ್ನೂ ಕೊಟ್ಟರು. ಗಮನ ಎಂಬ ಸಾಮರ್ಥ್ಯ ಒಂದು ಹೊತ್ತಿಗೆ ಒಂದೇ ಕಡೆ ದುಡಿಯಬಲ್ಲದು. ಇಲ್ಲಿ ದುಡಿಸಿದಷ್ಟು ಹೊತ್ತು ಬೇರೆ ಕಡೆ ಸಿಗಬಹುದಾಗಿದ್ದ ಲಾಭ ತಪ್ಪುತ್ತಿರುತ್ತದೆ. ಈ ನಷ್ಟವನ್ನು ಮೆದುಳು ಸದಾ ಅಂದಾಜು ಮಾಡುತ್ತಿರುತ್ತದೆ, ಅದು ಏರಿದಾಗ ನಮಗಾಗುವ ಅನುಭವವೇ ‘ಸಾಕಪ್ಪ’ ಎಂಬ ದಣಿವು. ಎರಡು ಗಂಟೆ ಲೆಕ್ಕಪತ್ರದ ಮುಂದೆ ಕೂತು ತಲೆ ಓಡದಾದವರು, ಅಷ್ಟೇ ತಲೆ ಕೆಲಸ ಬೇಡುವ ಚದುರಂಗಕ್ಕೆ ಉತ್ಸಾಹದಿಂದ ಕೂರುತ್ತಾರೆ. ಇಂಧನದ ಸಿದ್ಧಾಂತಕ್ಕೆ ಇದನ್ನು ವಿವರಿಸುವುದು ಕಷ್ಟ.

ನಂಬಿಕೆಯ ಪಾತ್ರವೂ ಇದೆ. ವೆರೋನಿಕಾ ಯೋಬ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ 2010ರಲ್ಲಿ ತೋರಿಸಿದಂತೆ, ಮನೋಬಲ ಬೇಗ ಮುಗಿಯುತ್ತದೆ ಎಂದು ನಂಬಿದವರಲ್ಲಿ ಸವಕಳಿ ಕಂಡಿತು, ಹಾಗೆ ನಂಬದವರಲ್ಲಿ ಕಾಣಲಿಲ್ಲ. ಹಾಗೆಂದು ನಂಬಿಕೆ ಬದಲಿಸಿದರೆ ಎಷ್ಟು ಹೊತ್ತಾದರೂ ದುಡಿಯಬಹುದು ಎಂದಲ್ಲ. ಸಣ್ಣ ಮಟ್ಟದ ದಣಿವಿನಲ್ಲಿ ‘ನನ್ನಿಂದ ಇನ್ನಾಗದು’ ಎಂಬ ನಮ್ಮದೇ ತೀರ್ಪಿನ ಪಾಲು ದೊಡ್ಡದು ಎಂದಷ್ಟೇ ಇದರ ಅರ್ಥ.

ಇಡೀ ದಿನದ ದುಡಿತ ಬೇರೆಯೇ ಸಂಗತಿ

ಐದು ನಿಮಿಷದ ಪ್ರಯೋಗದ ದಣಿವನ್ನೂ ಇಡೀ ದಿನ ತಲೆ ಕೆಲಸ ಮಾಡಿದವರ ದಣಿವನ್ನೂ ಒಂದೇ ಎಂದು ಭಾವಿಸಿದ್ದು ಈ ಚರ್ಚೆಯ ದೊಡ್ಡ ಗೊಂದಲ. ದೀರ್ಘ ದುಡಿತದ ಬಗ್ಗೆ ಸಿಕ್ಕಿರುವ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ.

ಪ್ಯಾರಿಸ್ಸಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ಜನರನ್ನು ಆರು ಗಂಟೆಗೂ ಹೆಚ್ಚು ಹೊತ್ತು ದುಡಿಸಿದರು. 24 ಜನರಿಗೆ ಕಷ್ಟದ ರೂಪ, 16 ಜನರಿಗೆ ಅದೇ ಕೆಲಸದ ಸುಲಭ ರೂಪ. ಪರದೆಯ ಮೇಲೆ ಒಂದಾದ ಮೇಲೊಂದು ಅಕ್ಷರ ಬರುತ್ತಿರುತ್ತದೆ. ಸುಲಭದ ಗುಂಪು, ಈಗ ಬಂದ ಅಕ್ಷರ ಅದರ ಹಿಂದಿನದೇ ಹೌದೋ ಅಲ್ಲವೋ ಎಂದು ಹೇಳಿದರೆ ಸಾಕು. ಕಷ್ಟದ ಗುಂಪು ಮೂರು ಅಕ್ಷರಗಳ ಹಿಂದೆ ಬಂದದ್ದರ ಜೊತೆ ಹೋಲಿಸಬೇಕು. ಅಂದರೆ ಮೂರು ಅಕ್ಷರಗಳ ಸಾಲನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಪ್ರತಿ ಸಲವೂ ಹಳೆಯದನ್ನು ಬಿಟ್ಟು ಹೊಸದನ್ನು ಸೇರಿಸುತ್ತಿರಬೇಕು. ದಿನದ ಕೊನೆಗೆ ಕಷ್ಟದ ಗುಂಪಿನವರ ಮೆದುಳಿನ ಪಕ್ಕದ ಪ್ರೀಫ್ರಂಟಲ್ ಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಶೇಖರವಾಗಿದ್ದುದು ಸ್ಕ್ಯಾನಿನಲ್ಲಿ ಕಂಡಿತು. ದೃಷ್ಟಿಗೆ ಸಂಬಂಧಿಸಿದ ಹಿಂಭಾಗದಲ್ಲಿ ಅದು ಹಾಗೆ ಏರಿರಲಿಲ್ಲ. ನರಕೋಶಗಳು ಒಂದನ್ನೊಂದು ಚುರುಕುಗೊಳಿಸಲು ಬಳಸುವ ರಾಸಾಯನಿಕ ಇದು. ಕೋಶಗಳ ನಡುವೆ ಹೆಚ್ಚಾದರೆ ಹಾನಿ ಮಾಡಬಲ್ಲದು. ಜೊತೆಗೆ ಆ ಗುಂಪಿನವರ ಆಯ್ಕೆಗಳೂ ಬದಲಾದವು: ತಡವಾಗಿ ಸಿಗುವ ದೊಡ್ಡ ಮೊತ್ತಕ್ಕಿಂತ ಬೇಗ ಸಿಗುವ ಸಣ್ಣ ಮೊತ್ತ, ಹೆಚ್ಚು ಶ್ರಮದ ದೊಡ್ಡ ಬಹುಮಾನಕ್ಕಿಂತ ಕಡಿಮೆ ಶ್ರಮದ ಸಣ್ಣ ಬಹುಮಾನ ಅವರಿಗೆ ಹಿತವೆನಿಸಿತು.

ಒಂದೇ ಅಧ್ಯಯನ, ಅದರಲ್ಲೂ 40 ಜನ. ದಣಿವಿಗೆ ಗ್ಲುಟಮೇಟೇ ಕಾರಣ ಎಂದು ಸಾಬೀತಾಗಿದೆ ಎನ್ನಲಾಗದು. ಆದರೂ ದಿಕ್ಕು ಗಮನಿಸುವಂಥದ್ದು. ಖಜಾನೆಯ ಚಿತ್ರ ಇಲ್ಲಿ ತಲೆಕೆಳಗಾಗುತ್ತದೆ: ದುಡಿದಷ್ಟೂ ಏನೋ ಖಾಲಿಯಾಗುತ್ತದೆ ಎಂಬುದಕ್ಕಿಂತ, ಏನೋ ಶೇಖರವಾಗುತ್ತದೆ, ಅದರಿಂದ ಆ ಭಾಗವನ್ನು ಇನ್ನೂ ದುಡಿಸುವುದು ದುಬಾರಿಯಾಗುತ್ತದೆ.

ಪ್ರಯೋಗಾಲಯದ ಹೊರಗೂ ಇದರ ಗುರುತು ಇದೆ. 35 ಆಸ್ಪತ್ರೆಗಳ 4,157 ಸಿಬ್ಬಂದಿ ಕೈ ತೊಳೆಯಬೇಕಾದ ಸಂದರ್ಭಗಳಲ್ಲಿ ತೊಳೆದರೋ ಇಲ್ಲವೋ ಎಂಬುದನ್ನು ದಾಖಲಿಸಿದ ಅಧ್ಯಯನವೊಂದು 2015ರಲ್ಲಿ ಬಂತು. 12 ಗಂಟೆಯ ಪಾಳಿಯ ಆರಂಭಕ್ಕೆ ಹೋಲಿಸಿದರೆ ಕೊನೆಯ ಹೊತ್ತಿಗೆ ಪಾಲನೆ 8.7 ಶೇಕಡಾ ಅಂಶದಷ್ಟು ಕುಸಿದಿತ್ತು. ಕೈ ತೊಳೆಯಬೇಕೆಂದು ಗೊತ್ತಿರುವ, ರೋಗಿಯ ಹಿತ ಬಯಸುವ ಜನರೇ ಇವರು. ದಿನದ ಕೊನೆಗೆ ಎಡವುವುದನ್ನು ಗುಣದ ದೋಷವೆಂದು ನೋಡುವವರು ಈ ಅಂಕಿಯನ್ನು ನೆನಪಿಡಬೇಕು.

ಇಸ್ರೇಲಿನ ನ್ಯಾಯಾಧೀಶರ ಉದಾಹರಣೆಯನ್ನು ಹಲವರು ಕೇಳಿರುತ್ತಾರೆ: ಊಟದ ಬಿಡುವಿನ ನಂತರ ಪೆರೋಲ್ ಸಿಗುವ ಪ್ರಮಾಣ ಸುಮಾರು ಶೇ 65, ಬಿಡುವಿನ ಮುಂಚೆ ಹೆಚ್ಚುಕಡಿಮೆ ಸೊನ್ನೆ. 2011ರಲ್ಲಿ ಬಂದ ಈ ಅಧ್ಯಯನವನ್ನು ಎಚ್ಚರದಿಂದ ಬಳಸಬೇಕು. ಪ್ರಕರಣಗಳು ಬರುವ ಸರದಿ ಅಡ್ಡಾದಿಡ್ಡಿಯಾಗಿ ಇರಲಿಲ್ಲ. ವಕೀಲರಿಲ್ಲದ ಕೈದಿಗಳ ಪ್ರಕರಣಗಳು ಬಿಡುವಿಗೆ ಮುಂಚಿನ ಹೊತ್ತಿಗೆ ಬೀಳುತ್ತಿದ್ದವು, ಅವು ತಿರಸ್ಕೃತವಾಗುವುದೇ ಹೆಚ್ಚು. ಇದು ಆಗಲೇ ಬಯಲಾಗಿತ್ತು.

ತಡೆಯುವ ಪ್ರಸಂಗವೇ ಬರದಂತೆ

ಜರ್ಮನಿಯಲ್ಲಿ 205 ಜನರ ಕೈಗೆ ಸಾಧನ ಕೊಟ್ಟು, ದಿನದಲ್ಲಿ ಹಲವು ಸಲ ‘ಈಗ ಏನಾದರೂ ಬಯಕೆ ಇದೆಯೇ, ತಡೆಯುತ್ತಿದ್ದೀರಾ’ ಎಂದು ಕೇಳಿದರು. 7,827 ಬಯಕೆಗಳು ದಾಖಲಾದವು. ಹೆಚ್ಚು ಸಂಯಮವುಳ್ಳವರು ಹೆಚ್ಚು ಸಲ ತಡೆದುಕೊಳ್ಳುತ್ತಿರಬೇಕು ಎಂಬುದು ಯಾರಾದರೂ ಮಾಡುವ ಊಹೆ. ಬಂದದ್ದು ತದ್ವಿರುದ್ಧ: ಅವರಿಗೆ ಒಳಗಿನ ಜಗಳವೇ ಕಡಿಮೆ. ವಿದ್ಯಾರ್ಥಿಗಳ ಮೇಲೆ ನಡೆದ 2017ರ ಅಧ್ಯಯನದಲ್ಲಿ, ಸೆಮಿಸ್ಟರ್ ಕೊನೆಗೆ ಗುರಿ ಮುಟ್ಟಿದ್ದು ಹೆಚ್ಚು ತಡೆದುಕೊಂಡವರಲ್ಲ, ಕಡಿಮೆ ಪ್ರಲೋಭನೆ ಎದುರಿಸಿದವರು. ಪ್ರಲೋಭನೆ ಹೆಚ್ಚು ಎದುರಿಸಿದವರು ದಣಿದೂ ಇದ್ದರು, ಸೋತೂ ಇದ್ದರು.

ಹಾಗಾಗಿ ತಡೆಯುವ ಶಕ್ತಿಯನ್ನು ಬೆಳೆಸುವುದಕ್ಕಿಂತ, ತಡೆಯಬೇಕಾದ ಗಳಿಗೆಯಿಂದ ಹಿಂದಕ್ಕೆ ಹೋಗಿ ಕೆಲಸ ಮಾಡುವುದು ಲಾಭ. ಬಯಕೆ ಒಮ್ಮೆಲೇ ಎರಗುವುದಿಲ್ಲ, ಮೆಟ್ಟಿಲು ಹತ್ತಿ ಬರುತ್ತದೆ. ಮೊದಲು ಸನ್ನಿವೇಶ, ಆಮೇಲೆ ಗಮನ, ಆಮೇಲೆ ಅದಕ್ಕೆ ನಾವು ಕೊಡುವ ಅರ್ಥ, ಕೊನೆಗೆ ಕೈ ಚಾಚುವ ತುಡಿತ. ಕೆಳಗಿನ ಮೆಟ್ಟಿಲಲ್ಲೇ ನಿಲ್ಲಿಸಿದರೆ ಖರ್ಚು ಕಡಿಮೆ. ವಾಲ್ಟರ್ ಮಿಶೆಲ್ 1970ರಲ್ಲಿ ಪ್ರಕಟಿಸಿದ, ಮಕ್ಕಳ ಕಾಯುವಿಕೆಯ ಪ್ರಯೋಗದ ಅಂಕಿಗಳು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಗರಿಷ್ಠ 15 ನಿಮಿಷ ಕಾದರೆ ಇಷ್ಟದ ತಿನಿಸು, ಕಾಯದಿದ್ದರೆ ಅಷ್ಟೇನೂ ಇಷ್ಟವಿಲ್ಲದ್ದು. ಎರಡೂ ಕಣ್ಣೆದುರೇ ಇದ್ದಾಗ ಮಕ್ಕಳು ಸರಾಸರಿ 1 ನಿಮಿಷ ಕಾದರು. ಎರಡನ್ನೂ ಕಣ್ಣಿಗೆ ಬೀಳದಂತೆ ತೆಗೆದಿಟ್ಟಾಗ 11 ನಿಮಿಷ. ಅದೇ ವಯಸ್ಸಿನ ಮಕ್ಕಳೇ, ಬದಲಾದದ್ದು ತಿನಿಸು ಇಟ್ಟ ಜಾಗ.

ಮೊಬೈಲಿಗೆ ಇದನ್ನು ಅನ್ವಯಿಸಿ. ಸೈಲೆಂಟ್ ಮಾಡಿ ಮೇಜಿನ ಮೇಲೆ ಮಗುಚಿ ಹಾಕಿದರೆ ಸಾಲದು. ಕಣ್ಣಿಗೆ ಬಿದ್ದಾಗಲೆಲ್ಲ ‘ನೋಡಲೇ, ಬೇಡವೇ’ ಎಂಬ ಪುಟ್ಟ ಜಗಳ ಏಳುತ್ತದೆ, ಪ್ರತಿ ಸಲ ಗೆದ್ದರೂ ಗಮನ ಹರಿದಿರುತ್ತದೆ. ಬೇರೆ ಕೋಣೆಯಲ್ಲಿಡಬೇಕು. ಎದ್ದು ನಡೆದು ಹೋಗಬೇಕಾದ ಆ ಅರ್ಧ ನಿಮಿಷದಲ್ಲೇ ಬಹಳಷ್ಟು ತುಡಿತಗಳು ತಣ್ಣಗಾಗುತ್ತವೆ. ಇಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ಒಂದು, ತುಡಿತ ಎದ್ದ ಮೇಲೆ ಅಡ್ಡಿ ಕಟ್ಟಲು ಹೋಗುವುದು. ಆಗ ಅಡ್ಡಿ ಕಟ್ಟುವುದಕ್ಕೇ ಸಂಯಮ ಬೇಕು. ಕೆಲಸಕ್ಕೆ ಕೂರುವ ಮುಂಚೆ, ಮನಸ್ಸು ತಿಳಿಯಾಗಿರುವಾಗ ಇದನ್ನು ಮಾಡಿ ಮುಗಿಸಬೇಕು. ಎರಡು, ಒಂದೇ ಬೆರಳೊತ್ತಿಗೆ ಮುರಿಯುವ ಅಡ್ಡಿ. ‘ಇವತ್ತಿನ ಮಿತಿ ಮುಗಿಯಿತು’ ಎಂಬ ಸೂಚನೆಯನ್ನು ಒತ್ತಿ ದಾಟಿ ಹೋಗಲು ಬರುವುದಾದರೆ, ಒಂದು ವಾರದಲ್ಲಿ ಆ ಒತ್ತುವಿಕೆಯೂ ಅಭ್ಯಾಸವಾಗಿಬಿಡುತ್ತದೆ. ಆ್ಯಪಿನಿಂದ ಲಾಗ್ ಔಟ್ ಆಗಿ, ಪ್ರತಿ ಸಲ ಪಾಸ್‌ವರ್ಡ್ ಟೈಪ್ ಮಾಡಬೇಕಾದಂತೆ ಇಟ್ಟುಕೊಂಡರೆ ಅಡ್ಡಿ ಬಾಳುತ್ತದೆ.

ಸನ್ನಿವೇಶ ಬದಲಿಸಲು ಬಾರದ ಕಡೆ, ಉದಾಹರಣೆಗೆ ಸಿಟ್ಟು ಬರಿಸುವ ಸಭೆಯಲ್ಲಿ, ಅರ್ಥದ ಮೆಟ್ಟಿಲಲ್ಲಿ ಕೆಲಸ ಮಾಡಬೇಕು. ಮುಖದಲ್ಲಿ ಭಾವ ತೋರಿಸದೆ ನೋಡಬೇಕು ಎಂದು ಹೇಳಿಸಿಕೊಂಡವರಿಗೆ, ನೋಡಿದ್ದರ ವಿವರಗಳೇ ಸರಿಯಾಗಿ ನೆನಪಿರುವುದಿಲ್ಲ. ಮುಖ ಬಿಗಿಹಿಡಿಯುವುದಕ್ಕೇ ಗಮನ ಖರ್ಚಾಗಿರುತ್ತದೆ. ‘ಇವರು ನನ್ನನ್ನು ಅವಮಾನಿಸುತ್ತಿಲ್ಲ, ಗಡುವಿನ ಭಯದಲ್ಲಿ ಮಾತಾಡುತ್ತಿದ್ದಾರೆ’ ಎಂದು ಮೊದಲೇ ಓದಿಕೊಂಡರೆ, ಅದುಮಬೇಕಾದ ಸಿಟ್ಟೇ ಕಡಿಮೆ ಏಳುತ್ತದೆ. ಯೋಚನೆಯನ್ನೇ ಅದುಮಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಡೇನಿಯಲ್ ವೆಗ್ನರ್ 1987ರಲ್ಲಿ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ, ನೆನಪಾದಾಗಲೆಲ್ಲ ಗಂಟೆ ಬಾರಿಸಲು ಹೇಳಿದ್ದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲಿನಿಂದ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ಕರಡಿ ಇವರ ಮನಸ್ಸಿಗೆ ಬಂತು.

ಕೊನೆಯ ಮೆಟ್ಟಿಲಿಗೂ ಒಂದು ಸಾಧನವಿದೆ: ‘ಹೀಗಾದರೆ, ಹೀಗೆ ಮಾಡುತ್ತೇನೆ’ ಎಂಬ ಮುಂಗಡ ಯೋಜನೆ. ಪೀಟರ್ ಗಾಲ್ವಿಟ್ಸರ್ ರೂಪಿಸಿದ ಇದನ್ನು 94 ಪರೀಕ್ಷೆಗಳಲ್ಲಿ ಒಟ್ಟುಮಾಡಿ ನೋಡಿದ 2006ರ ವಿಶ್ಲೇಷಣೆ 0.65ರಷ್ಟು ಪರಿಣಾಮ ಕಂಡಿತು. ಇದರ ಗುಟ್ಟೆಂದರೆ, ಆ ಗಳಿಗೆಯಲ್ಲಿ ಮಾಡಬೇಕಾದ ತೀರ್ಮಾನವನ್ನು ಮೊದಲೇ ಮಾಡಿ ಮುಗಿಸಿರುವುದು. ಬರೆಯುವ ರೀತಿಯಲ್ಲಿ ಎಲ್ಲವೂ ಇದೆ. ‘ಸಂಜೆ ವ್ಯಾಯಾಮ ಮಾಡುತ್ತೇನೆ’ ಎಂಬುದು ಬರೀ ಆಸೆ. ‘ಕೆಲಸದಿಂದ ಬಂದು ಬ್ಯಾಗು ಕೆಳಗಿಟ್ಟ ಕೂಡಲೇ ಶೂ ಹಾಕಿಕೊಂಡು ಹೊರಗೆ ಹೊರಡುತ್ತೇನೆ’ ಎಂಬುದು ಯೋಜನೆ. ಅದರಲ್ಲಿ ಕಣ್ಣಿಗೆ ಕಾಣುವ ಗುರುತಿದೆ, ಒಂದೇ ಕ್ರಿಯೆಯಿದೆ. ಗುರುತು ‘ಸಮಯ ಸಿಕ್ಕಾಗ’ ಎಂಬಂತೆ ಮಸುಕಾಗಿದ್ದರೆ ಮೆದುಳು ಅದನ್ನು ಹಿಡಿಯುವುದಿಲ್ಲ. ‘ಬೇಸರವಾದರೆ ತಿನ್ನುವುದಿಲ್ಲ’ ಎಂದು ನಕಾರದಲ್ಲಿ ಬರೆದರೆ ಬಿಳಿ ಕರಡಿಯ ಕಥೆಯೇ ಆಗುತ್ತದೆ, ಬೇಸರ ಮತ್ತು ತಿನಿಸಿನ ನಂಟು ಇನ್ನೂ ಗಟ್ಟಿಯಾಗುತ್ತದೆ. ‘ಬೇಸರವಾದರೆ ಎದ್ದು ನೀರು ಕುಡಿಯುತ್ತೇನೆ’ ಎಂದು ಬದಲಿ ಕ್ರಿಯೆಯನ್ನು ಬರೆಯಬೇಕು. ಒಂದೇ ದುರಭ್ಯಾಸಕ್ಕೆ ಒಮ್ಮೆಗೇ ನಾಲ್ಕೈದು ಯೋಜನೆ ಬರೆದುಕೊಂಡರೆ ಅವು ಒಂದನ್ನೊಂದು ಕೆಡಿಸುತ್ತವೆ. ಒಂದು ಸಾಕು.

ಇನ್ನು ಬಿಡುವು. 10 ನಿಮಿಷದೊಳಗಿನ ಸಣ್ಣ ವಿರಾಮಗಳ ಬಗ್ಗೆ ನಡೆದ 22 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ನೋಡಿದಾಗ, ಆಯಾಸ ಇಳಿದು ಚೈತನ್ಯ ಏರಿದ್ದು ಕಂಡಿತು. ತುಂಬ ತಲೆ ಬೇಡುವ ಕೆಲಸದ ಗುಣಮಟ್ಟ ಮಾತ್ರ ಅಷ್ಟರಿಂದ ಸುಧಾರಿಸಲಿಲ್ಲ. ಅಂಥ ಕೆಲಸಕ್ಕೆ 10 ನಿಮಿಷಕ್ಕಿಂತ ದೊಡ್ಡ ಬಿಡುವೇ ಬೇಕು, ಇಲ್ಲವೇ ಅದನ್ನು ದಿನದ ಮೊದಲ ಪಾಲಿಗೆ ತರಬೇಕು. ನಿದ್ದೆಗಂತೂ ಬದಲಿಯಿಲ್ಲ. 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಸಂಜೆಯ ದಣಿವು ಯಾವ ಬಗೆಯದು ಎಂದು ತಿಳಿಯಲು ಒಂದು ಸರಳ ಉಪಾಯ: ಇಷ್ಟದ ಕೆಲಸಕ್ಕೆ ಕೈ ಹಾಕಿ ನೋಡಿ. ಐದು ನಿಮಿಷದಲ್ಲಿ ಹುರುಪು ಮರಳಿದರೆ ಒಲವು ಸರಿದದ್ದಷ್ಟೇ. ಬೇಡದ ಕೆಲಸಕ್ಕೆ ಒಂದು ಉದ್ದೇಶ ಅಥವಾ ಗಡುವು ಕಟ್ಟಿಕೊಂಡರೆ ಅದೂ ಸಾಗುತ್ತದೆ. ಇಷ್ಟದ ಕೆಲಸದಲ್ಲೂ ತಪ್ಪುಗಳೇ ಆಗುತ್ತಿದ್ದರೆ ನಿಲ್ಲಿಸಿ ಮಲಗುವ ಹೊತ್ತು. ಸಾಕಷ್ಟು ನಿದ್ದೆ ಮಾಡಿಯೂ ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರನ್ನು ಕಾಣಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ ಇವೆಲ್ಲ ಮೊದಮೊದಲು ‘ಮನಸ್ಸಿಲ್ಲ’ ಎಂಬ ರೂಪದಲ್ಲೇ ಬರುವುದುಂಟು.

ಎಲ್ಲಕ್ಕಿಂತ ಅಗ್ಗವಾದದ್ದು ಅಭ್ಯಾಸ. ಅಲ್ಲಿ ಜಗಳವೇ ಇಲ್ಲ, ಗುರುತು ಕಂಡರೆ ಕೈ ತಾನಾಗಿ ಹೊರಡುತ್ತದೆ. ಅಭ್ಯಾಸ 21 ದಿನದಲ್ಲಿ ಹತ್ತುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಹಿಂಬಾಲಿಸಿದಾಗ, ಹೊಸ ಕ್ರಿಯೆ ತಾನಾಗಿ ನಡೆಯುವಂತಾಗಲು ಬೇಕಾಗುವ ಕಾಲ 18 ದಿನದಿಂದ 254 ದಿನದವರೆಗೆ ಎಂಬ ಅಂದಾಜು ಸಿಕ್ಕಿತು. ನಡುವಿನ ಅಂಕಿ 66. ನೀರು ಕುಡಿಯುವಂಥದ್ದು ಬೇಗ ಹತ್ತಿತು, ವ್ಯಾಯಾಮ ಬಹಳ ನಿಧಾನ. ಮೊದಲ ವಾರಗಳಲ್ಲಿ ಪ್ರತಿ ಸಲಕ್ಕೂ ಲಾಭ ದೊಡ್ಡದು, ಆಮೇಲೆ ಏರಿಕೆ ಸಣ್ಣದಾಗುತ್ತ ಹೋಗುತ್ತದೆ. ನಡುವೆ ಒಂದು ದಿನ ತಪ್ಪಿಹೋದರೆ ಆ ಏರಿಕೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಮರುದಿನ ಅದೇ ಗುರುತಿಗೆ, ಅದೇ ಜಾಗದಲ್ಲಿ ಮುಂದುವರಿಸಿದರಾಯಿತು, ಎಣಿಕೆಯನ್ನು ಒಂದರಿಂದ ಶುರು ಮಾಡಬೇಕಿಲ್ಲ.